ಮೂರನೇ ನಂಬರ್ ಮಷೀನು ಅವರದು: ಪುಣೆಯ ಕಾರ್ಖಾನೆ ಮಾಲೀಕರಿಗೆ ಒಬ್ಬ ಜವಾನನ ಹೆಂಡತಿಯ ಬಹಿರಂಗ ಪತ್ರ

ಭೋಸರಿ, ಚಾಕಣ, ಪಿಂಪ್ರಿ-ಚಿಂಚವಡ ಭಾಗದ ಕಾರ್ಖಾನೆ ಮಾಲೀಕರಿಗೆ, ಅಲ್ಲಿ ಮ್ಯಾನೇಜರ್, ಎಚ್‌ಆರ್ ಆಗಿರುವ ನಮ್ಮ ಕನ್ನಡದವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಭೋಸರಿಯಲ್ಲಿ ಇರುವವಳು. ಊರು ಇಂಡಿ ತಾಲೂಕು, ವಿಜಯಪುರ ಜಿಲ್ಲೆ. ಮದುವೆಯಾಗಿ ಪುಣೆಗೆ ಬಂದವಳು ಇಲ್ಲೇ ಉಳಿದೆ. ಮನೆಯಲ್ಲಿ ಬ್ಲೌಸ್ ಹೊಲಿದು ಕೊಡುತ್ತೇನೆ. ಇಬ್ಬರು ಮಕ್ಕಳು. ನಮ್ಮವರು ಐಟಿಐನಲ್ಲಿ ಟರ್ನರ್, ಅಂದರೆ ಲೇತ್ ಮಷೀನಿನ ಕಸುಬು ಕಲಿತು, ಇಲ್ಲಿನ ಎಂಐಡಿಸಿಯ (ಸರ್ಕಾರಿ ಕೈಗಾರಿಕಾ ಪ್ರದೇಶದ) ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಸಿಎನ್‌ಸಿ, ಅಂದರೆ ಕಂಪ್ಯೂಟರಿನಿಂದ ನಡೆಯುವ ಮಷೀನಿನ ಆಪರೇಟರ್. ಏಳು ವರ್ಷದಿಂದ ಟೆರಿಟೋರಿಯಲ್ ಆರ್ಮಿಯಲ್ಲಿ ಜವಾನ ಕೂಡ. ಅವರ ಮೈಮೇಲೆ ಯೂನಿಫಾರ್ಮ್ ಇರುವ ತನಕ ಅವರು ಹೀಗೆ ಬಹಿರಂಗವಾಗಿ ಬರೆಯುವಂತಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಅವರ ಬಟಾಲಿಯನ್ ಯಾವುದು, ಎಲ್ಲಿಗೆ ಹೋಗಿದ್ದರು ಎಂದು ಇಲ್ಲಿ ಹೇಳುವುದಿಲ್ಲ, ಅದನ್ನು ನನಗೂ ಅವರು ಪೂರ್ತಿ ಹೇಳಿಲ್ಲ. ಕಾರ್ಖಾನೆಯ ಹೆಸರನ್ನೂ ಬರೆಯುವುದಿಲ್ಲ. ಹನ್ನೊಂದು ವರ್ಷ ನಮಗೆ ಅನ್ನ ಕೊಟ್ಟ ಜಾಗ ಅದು.

ಮೊದಲು ಟಿಎ ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾತಾಡಿಸಿದ ಹತ್ತು ಜನರಲ್ಲಿ ಎಂಟು ಜನಕ್ಕೆ ಅದು ಗೊತ್ತಿರಲಿಲ್ಲ. "ಧೋನಿ ಇದಾನಲ್ಲ, ಅದೇ ಅಲ್ವಾ? ಅದು ಸುಮ್ನೆ ಗೌರವಕ್ಕೆ ಕೊಡೋದು" ಅಂದವರೂ ಇದ್ದಾರೆ. ಧೋನಿ ಅವರಿಗೆ 2011ರಲ್ಲಿ ಕೊಟ್ಟದ್ದು ಗೌರವ ಹುದ್ದೆ, ನಿಜ. ಆದರೆ ಟಿಎ ಅಂದರೆ ಅಷ್ಟೇ ಅಲ್ಲ. 1948ರಲ್ಲಿ ಅದಕ್ಕೆ ಕಾಯ್ದೆ ಆಯಿತು, 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಾಜಿ ಅವರು ಉದ್ಘಾಟನೆ ಮಾಡಿದರು. 1962, 1965, 1971ರ ಯುದ್ಧಗಳಲ್ಲಿ ಟಿಎ ಜವಾನರು ಇದ್ದರು. ಇದರ ಮೂಲ ವಿಚಾರವೇ ಬೇರೆ. ಜವಾನನಿಗೆ ಹೊರಗೆ ತನ್ನದೊಂದು ಕೆಲಸ ಇರಬೇಕು. ಅವನು ವರ್ಷಕ್ಕೊಮ್ಮೆ ಕ್ಯಾಂಪಿಗೆ ಹೋಗಿ ತರಬೇತಿ ಮಾಡಿ ಬರಬೇಕು. ದೇಶಕ್ಕೆ ಬೇಕಾದಾಗ ಕರೆದರೆ ಹೋಗಬೇಕು. ಕೆಲಸ ಮುಗಿದ ಮೇಲೆ ವಾಪಸು ತನ್ನ ಮಷೀನಿಗೆ, ತನ್ನ ಅಂಗಡಿಗೆ, ತನ್ನ ಹೊಲಕ್ಕೆ ಬರಬೇಕು. ಕರೆಯುವುದಕ್ಕೆ ಎಂಬಾಡಿಮೆಂಟ್ ಅನ್ನುತ್ತಾರೆ, ಬಿಡುವುದಕ್ಕೆ ಡಿಸ್‌ಎಂಬಾಡಿಮೆಂಟ್. ಈ ಎರಡು ಪದ ನನಗೆ ಈಗ ಬಾಯಿಪಾಠ ಆಗಿವೆ.

ಸಂಬಳದ ವಿಷಯವನ್ನೂ ಮುಚ್ಚಿಡದೆ ಹೇಳುತ್ತೇನೆ. ಎಂಬಾಡಿ ಆಗಿರುವಾಗ ಸೈನ್ಯದ ಸಂಬಳ ಬರುತ್ತದೆ. ಆ ದಿನಗಳಲ್ಲಿ ನಮಗೆ ದುಡ್ಡಿನ ತೊಂದರೆ ಆಗಿಲ್ಲ. ಆದರೆ ಬಿಟ್ಟ ದಿನದಿಂದ ಆ ಸಂಬಳ ನಿಂತುಹೋಗುತ್ತದೆ. ಪಿಂಚಣಿ ಇದೆಯಲ್ಲ ಅಂತ ಕೇಳುತ್ತೀರಿ. ಜವಾನನಿಗೆ ಪಿಂಚಣಿ ಬರಬೇಕಾದರೆ ಎಂಬಾಡಿ ಆಗಿ ಮಾಡಿದ ಸೇವೆಯೇ 15 ವರ್ಷ ಆಗಬೇಕು. ವರ್ಷಕ್ಕೆ ಎರಡು ತಿಂಗಳ ಕ್ಯಾಂಪ್ ಲೆಕ್ಕ ಹಿಡಿದರೆ ಹದಿನೈದು ವರ್ಷ ತುಂಬಲು ತೊಂಬತ್ತು ವರ್ಷ ಬೇಕು. ಅಂದರೆ ಇಂಥ ಮನುಷ್ಯನಿಗೆ ಕಾರ್ಖಾನೆಯ ಕೆಲಸವೇ ಗತಿ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಮೇ 7ರಂದು ಆಪರೇಷನ್ ಸಿಂದೂರ ಶುರುವಾಯಿತು, 10ರಂದು ಗುಂಡು ನಿಂತಿತು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು. ಮೇ 6ರಂದು ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿ, ಟಿಎ ಅಧಿಕಾರಿಗಳನ್ನೂ ಜವಾನರನ್ನೂ ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಕಾಲಾಳು ಬಟಾಲಿಯನ್‌ಗಳಲ್ಲಿ 14ನ್ನು ಎಂಬಾಡಿ ಮಾಡಬಹುದು ಎಂದಿತು. ನಾಲ್ಕು ದಿನಕ್ಕೆ ಗುಂಡು ನಿಂತ ಮೇಲೆ ನಮ್ಮ ಓಣಿಯಲ್ಲಿ ಪೇಢೆ ಹಂಚಿದರು. ನಮ್ಮವರಿಗೆ ಕರೆ ಬಂದದ್ದು ಅದಾದ ಮೇಲೆ, ಜೂನಿನಲ್ಲಿ. ಮಗಳ ಶಾಲೆ ಶುರುವಾದ ವಾರ. ಎರಡನೇ ಪಾಳಿ ಮುಗಿಸಿ ರಾತ್ರಿ ಹನ್ನೆರಡಕ್ಕೆ ಬಂದವರು ಕಾಗದ ಓದಿ, ಊಟ ಮಾಡಿ, ಟ್ರಂಕ್ ಇಳಿಸಿ ಬೂಟಿಗೆ ಪಾಲಿಶ್ ಹಚ್ಚಲು ಕೂತರು. ಮರುದಿನ ಕಾರ್ಖಾನೆಗೆ ಹೋಗಿ ಕರೆಯ ಕಾಗದದ ನಕಲು ಕೊಟ್ಟು, ರಜೆ ಅರ್ಜಿ ಕೊಟ್ಟು, ತಮ್ಮ ಮೂರನೇ ನಂಬರ್ ಮಷೀನಿನ ಟೂಲ್ ಆಫ್‌ಸೆಟ್‌ಗಳನ್ನೆಲ್ಲ (ಟೂಲ್ ಹೊಂದಿಸುವ ಅಳತೆಗಳನ್ನೆಲ್ಲ) ಬರೆದಿಟ್ಟು ಬಂದರು. ಮುಂದೆ ಯಾರು ನಿಂತರೂ ಮಷೀನಿನಲ್ಲಿ ಮಾಡಿದ ಭಾಗ ರಿಜೆಕ್ಟ್ ಆಗಬಾರದು ಅಂತ.

ಹತ್ತು ತಿಂಗಳಾಯಿತು. ಈಗ ಅವರ ತಂಡ ಪುಣೆಗೆ ವಾಪಸು ಬಂದಿದೆ. ಬಂದು ಐದು ವಾರ. ರೈಫಲ್ ಜಮಾ ಆಗಿದೆ, ವೈದ್ಯಕೀಯ ತಪಾಸಣೆ ಆಗಿದೆ, ಕಿಟ್ ಎಣಿಕೆ ಎರಡು ಸಲ ಆಗಿದೆ. ಬಿಡುವ ತಾರೀಖು ಮಾತ್ರ ಬಂದಿಲ್ಲ. ಮನೆಯಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆದರೂ ಮನೆಗೆ ಬಂದದ್ದು ಎರಡೇ ಭಾನುವಾರ. ಬೆಳಿಗ್ಗೆ ಫಾಲ್‌ಇನ್, ಸಂಜೆ ಹಾಜರಿ, ನಡುವೆ ಹುಲ್ಲು ಕತ್ತರಿಸುವುದು, ಬ್ಯಾರಕ್ಕಿಗೆ ಸುಣ್ಣ. ಇದಕ್ಕೆ ಅವರು ಗೊಣಗಿಲ್ಲ, ಗೊಣಗುವ ಮನುಷ್ಯನೂ ಅಲ್ಲ. ಹೋದ ಭಾನುವಾರ ಬಂದಾಗ ಒಂದೇ ಒಂದು ವಸ್ತು ಕೇಳಿದರು. ಕಪಾಟಿನ ಮೇಲಿನ ಹಳೆಯ ನೋಟ್‌ಬುಕ್. ಅದರಲ್ಲಿ ಹನ್ನೊಂದು ವರ್ಷದ ಮಷೀನ್ ಪ್ರೋಗ್ರಾಂಗಳನ್ನು ಕೈಯಲ್ಲಿ ಬರೆದಿಟ್ಟಿದ್ದಾರೆ. "ಕೈ ಮರೆತಿರಬಹುದು, ರಾತ್ರಿ ಸ್ವಲ್ಪ ಓದಿಕೊಳ್ಳುತ್ತೇನೆ" ಅಂದರು. ಆ ನೋಟ್‌ಬುಕ್ ಈಗ ಬ್ಯಾರಕ್ಕಿನಲ್ಲಿದೆ.

ಅವರಿಗೆ ನಾನು ಒಂದು ವಿಷಯ ಹೇಳಲಿಲ್ಲ. ಅದಕ್ಕೆ ಎರಡು ವಾರ ಮೊದಲೇ ನಾನು ಕಾರ್ಖಾನೆಗೆ ಹೋಗಿ ಬಂದಿದ್ದೆ.

ಗೇಟಿನಲ್ಲಿ ಕಲಬುರಗಿ ಕಡೆಯ ಅಣ್ಣ ಒಬ್ಬರು ಇದ್ದರು. ನಮ್ಮವರ ಹೆಸರು ಹೇಳಿದ ಕೂಡಲೇ ಒಳಗೆ ಫೋನ್ ಮಾಡಿ, ಕುರ್ಚಿ ಹಾಕಿ, ನೀರು ಕೊಟ್ಟರು. ಎಚ್‌ಆರ್ ಸಾಹೇಬರೂ ನಮ್ಮ ಕಡೆಯವರೇ, ಕನ್ನಡದಲ್ಲೇ ಮಾತಾಡಿಸಿದರು. ಅವರು ಕೆಟ್ಟವರಲ್ಲ. ಮೇಜಿನ ಡ್ರಾಯರಿನಿಂದ ಆ ಮೇ 6ರ ಆದೇಶದ ಪ್ರಿಂಟ್ ತೆಗೆದು ನನ್ನ ಮುಂದೆ ಇಟ್ಟರು. ಒಂದು ಸಾಲಿಗೆ ಹಳದಿ ಬಣ್ಣ ಹಚ್ಚಿತ್ತು. "ನೋಡ್ರಿ ಅಕ್ಕಾರ, ಇಲ್ಲಿ 2028ರ ಫೆಬ್ರವರಿ 9ರ ತನಕ ಅಂತ ಐತಿ. ಅಲ್ಲೀತನಕ ಮಷೀನ್ ಖಾಲಿ ಇಡಾಕ ಆಗೂದಿಲ್ರಿ. ಆರು ತಿಂಗಳ ನೋಡಿದಿವಿ. ಈಗ ಅಲ್ಲಿ ಬ್ಯಾರೆ ಹುಡುಗನ್ನ ಪರ್ಮನೆಂಟ್ ಮಾಡೇವಿ" ಅಂದರು.

ನನಗೆ ಆಗ ಏನೂ ಹೊಳೆಯಲಿಲ್ಲ. ಏಳಲು ಹೋದಾಗ ಅವರೇ ಮತ್ತೆ ಹೇಳಿದರು. "ಚಿಂತಿ ಮಾಡಬ್ಯಾಡ್ರಿ. ಅವರು ಬಂದ ಮ್ಯಾಲೆ ಗೇಟಿಗೆ ಹಾಕ್ಕೊಳ್ಳೂಣು. ಮಿಲ್ಟ್ರಿ ಮನುಷ್ಯ, ಸೆಕ್ಯುರಿಟಿಗೆ ಭಾಳ ಚೊಲೋ ಆಗ್ತದ."

ಉಪಕಾರ ಮಾಡಿದ ಹಾಗೆ ಹೇಳಿದರು. ಉಪಕಾರ ಎಂದೇ ಅವರು ತಿಳಿದಿದ್ದರು ಅಂತ ಕಾಣುತ್ತದೆ.

ಗೇಟಿನ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ನನಗೆ ನೀರು ಕೊಟ್ಟ ಆ ಅಣ್ಣ ಹನ್ನೆರಡು ತಾಸು ನಿಂತು ದುಡಿದು ಊರಿಗೆ ದುಡ್ಡು ಕಳಿಸುತ್ತಾರೆ. ಆದರೆ ನಮ್ಮವರು ಟರ್ನರ್. ಮೈಕ್ರೋಮೀಟರ್ ಹಿಡಿದು ಕೂದಲೆಳೆಗಿಂತ ಕಡಿಮೆ ಅಂತರ ಅಳೆದ ಕೈ ಅದು. ಶಾಫ್ಟ್ ತಿರುಗುವ ಸದ್ದಿನಲ್ಲೇ ಟೂಲ್ ಸವೆದಿದೆ ಅಂತ ಹೇಳುತ್ತಾರೆ ಅಂತ ಅವರ ಜೊತೆಯವರು ನನಗೆ ಹೇಳಿದ್ದಾರೆ. ಸೈನ್ಯಕ್ಕೆ ಹೋಗಿ ಬಂದದ್ದಕ್ಕೆ ಆ ಕಸುಬು ಅಳಿಸಿಹೋಗುತ್ತದಾ? ದೇಶ ಕರೆದಾಗ ಹೋದವನು ಬರುವಾಗ ತನ್ನದೇ ಕಾರ್ಖಾನೆಯ ಗೇಟಿನಲ್ಲಿ ನಿಂತು, ಹನ್ನೊಂದು ವರ್ಷ ತನ್ನ ಜೊತೆ ಊಟದ ಡಬ್ಬಿ ಬಿಚ್ಚಿದವರ ಚೀಲ ತಪಾಸಣೆ ಮಾಡಬೇಕಾ?

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಪಕ್ಕದ ಬಿಲ್ಡಿಂಗಿನ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ನಿವೃತ್ತ ಕಾರ್ಮಿಕ, ಯೂನಿಯನ್ ಕೆಲಸ ಮಾಡಿದವರು. ಅವರು ಕಾಯ್ದೆ ಹುಡುಕಿ ತೆಗೆದರು, ನನ್ನ ಮಗಳು ಅದನ್ನು ಸಾಲು ಸಾಲು ಓದಿ ಹೇಳಿದಳು. 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆ, 7ಎ ಕಲಂ. ದಯವಿಟ್ಟು ನೀವೂ ಒಮ್ಮೆ ಓದಿ. ಕರೆ ಬಂದ ನೌಕರನಿಗೆ ಬೇಕಾದಷ್ಟು ರಜೆ ಕೊಡುವುದು ಮಾಲೀಕರ ಕರ್ತವ್ಯ ಅಂತ ಅದರಲ್ಲಿದೆ. ಸೇವೆ ಮುಗಿದ ಮೇಲೆ ವಾಪಸು ಕೆಲಸಕ್ಕೆ ತೆಗೆದುಕೊಳ್ಳಬೇಕು. ಅದೂ ಹೇಗೆ? ನಡುವೆ ಹೋಗದೆ ಇಲ್ಲೇ ಇದ್ದಿದ್ದರೆ ಅವನಿಗೆ ಏನು ಸಿಗುತ್ತಿತ್ತೋ ಅದಕ್ಕಿಂತ ಕಡಿಮೆಯಲ್ಲದ ಕೆಲಸದಲ್ಲಿ, ಕಡಿಮೆಯಲ್ಲದ ಷರತ್ತಿನಲ್ಲಿ.  ನಮ್ಮವರು ಅಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದಾರೆ. ಮುಂದಿನ 7ಬಿ ಕಲಂನಲ್ಲಿ ಪ್ರಾವಿಡೆಂಟ್ ಫಂಡಿನ ಹಕ್ಕನ್ನೂ ಕಾಪಾಡಿದ್ದಾರೆ.

ಮಾಲೀಕರಿಗೆ ನಿಜವಾಗಿ ಕಷ್ಟ ಇದ್ದರೆ ಅದಕ್ಕೂ ಕಾಯ್ದೆ ದಾರಿ ಇಟ್ಟಿದೆ. ನಿಗದಿ ಮಾಡಿದ ಅಧಿಕಾರಿಯ ಮುಂದೆ ಹೋಗಿ ಹೇಳಿಕೊಳ್ಳಬಹುದು. ಅವರು ವಿಚಾರಿಸಿ ವಿನಾಯಿತಿ ಕೊಡಬಹುದು, ಇಲ್ಲವೇ ಕೆಲಸ ಕೊಡಿ ಅನ್ನಬಹುದು, ಇಲ್ಲವೇ ಆರು ತಿಂಗಳ ಸಂಬಳದ ತನಕ ಪರಿಹಾರ ಕೊಡಿಸಬಹುದು. ಆದರೆ ಯಾರನ್ನೂ ಕೇಳದೆ, ಒಂದು ಕಾಗದವನ್ನೂ ಕಳಿಸದೆ, ತಾವೇ ತೀರ್ಮಾನ ಮಾಡಿ ಮಷೀನು ಬೇರೆಯವರಿಗೆ ಕೊಡುವ ದಾರಿ ಅದರಲ್ಲಿ ಇಲ್ಲ.

ಇನ್ನು ಆ ಹಳದಿ ಸಾಲಿನ ವಿಷಯ. 2025ರ ಫೆಬ್ರವರಿ 10ರಿಂದ 2028ರ ಫೆಬ್ರವರಿ 9ರ ತನಕ ಅಂತ ಇರುವುದು ಆ ಆದೇಶದ ಅವಧಿ. ಆ ಮೂರು ವರ್ಷದ ಒಳಗೆ ಕರೆಸಿಕೊಳ್ಳುವ ಅಧಿಕಾರ ಇದೆ ಅಂತ ಅರ್ಥ. ಕರೆದ ಪ್ರತಿಯೊಬ್ಬ ಜವಾನನೂ 2028ರ ತನಕ ಬರುವುದಿಲ್ಲ ಅಂತ ಅಲ್ಲ. ಒಂದು ಸಾಲನ್ನು ತಪ್ಪಾಗಿ ಓದಿ ಒಬ್ಬ ಮನುಷ್ಯನ ಹನ್ನೊಂದು ವರ್ಷ ತೆಗೆದುಹಾಕಿಬಿಟ್ಟರು. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ನನ್ನ ನಂಬರ್ ಅವರ ಫಾರ್ಮಿನಲ್ಲಿ ಇತ್ತು.

ಆ ಹೊಸ ಹುಡುಗನ ಬಗ್ಗೆಯೂ ಹೇಳಲೇಬೇಕು. ಲಾತೂರು ಕಡೆಯವನು, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ದೀಪಾವಳಿ ಹೊತ್ತಿಗೆ ನಮ್ಮ ಮನೆ ಹುಡುಕಿಕೊಂಡು ಬಂದಿದ್ದ. ನಮ್ಮವರು ಬರೆದಿಟ್ಟ ಚೀಟಿಯಲ್ಲಿ ಒಂದು ಅಂಕಿ ಅಳಿಸಿತ್ತಂತೆ, ಕೇಳಿ ಹೇಳ್ತೀರಾ ವೈನಿ ಅಂತ. ಮೂರು ದಿನದ ಮೇಲೆ ಅವರ ಫೋನ್ ಬಂದಾಗ ಕೇಳಿ ಹೇಳಿದೆ. ಫರಾಳ ತಿಂದು, ಮಕ್ಕಳಿಗೆ ಪಟಾಕಿ ಹಚ್ಚಿಕೊಟ್ಟು ಹೋದ. ಅವನನ್ನು ತೆಗೆಯಿರಿ ಅಂತ ನಾನು ಕೇಳುವುದಿಲ್ಲ. ಅವನ ಹೊಟ್ಟೆಯ ಮೇಲೆ ಹೊಡೆದು ನಮ್ಮ ಹೊಟ್ಟೆ ತುಂಬುವುದು ಬೇಡ. ಮೂರು ಪಾಳಿ ನಡೆಯುವ ಕಾರ್ಖಾನೆಯಲ್ಲಿ, ಹೊಸ ಮಷೀನುಗಳು ಬರುತ್ತಿರುವ ಕಡೆ, ಇಬ್ಬರಿಗೂ ಜಾಗ ಮಾಡುವುದು ಆಗದ ಮಾತಲ್ಲ. ಮೊದಲೇ ಅವನನ್ನು ತಾತ್ಕಾಲಿಕ ಅಂತ ತೆಗೆದುಕೊಂಡು, "ಇಂಥವರು ಸೈನ್ಯದಿಂದ ಬರುವ ತನಕ ಇಲ್ಲಿ, ಆಮೇಲೆ ಬೇರೆ ಮಷೀನಿಗೆ" ಅಂತ ಬರೆದು ಕೊಟ್ಟಿದ್ದರೆ ಈ ಪತ್ರವನ್ನೇ ಬರೆಯಬೇಕಾಗಿರಲಿಲ್ಲ.

ಟಿಎಯಲ್ಲಿ ರೈಲ್ವೆಯ ಘಟಕ ಇದೆ, ತೈಲ ಕಂಪನಿಗಳ ಘಟಕಗಳಿವೆ. ಅಲ್ಲಿಯವರು ಸರ್ಕಾರಿ ನೌಕರಿಯಿಂದ ಹೋಗುತ್ತಾರೆ, ಅದೇ ನೌಕರಿಗೆ ಬರುತ್ತಾರೆ. ಕಾಲಾಳು ಬಟಾಲಿಯನ್ನಿಗೆ ಹೋಗುವವರು ಹೆಚ್ಚಾಗಿ ನಮ್ಮಂಥ ಮನೆಯವರು. ವರ್ಕ್‌ಶಾಪು, ಗ್ಯಾರೇಜು, ಹೊಲ. ಕಂತ್ರಾಟಿನ ಹುಡುಗರ ಪಾಡು ಇನ್ನೂ ಕಷ್ಟ. ಕೆಲವು ತಿಂಗಳಿಗೊಮ್ಮೆ ಬ್ರೇಕ್ ಕೊಟ್ಟು ಮತ್ತೆ ಹೊಸದಾಗಿ ತೆಗೆದುಕೊಳ್ಳುವ ಕಡೆ, ಈ 7ಎ ಕಲಂ ಅವರ ಕೈಗೆ ಸಿಗುವುದು ಕಷ್ಟ. ನಾಲ್ಕು ವರ್ಷ ಅದೇ ಮಷೀನಿನ ಮುಂದೆ ನಿಂತಿದ್ದರೂ ಕಾಗದದ ಮೇಲೆ ಅವನು ಐದು ತಿಂಗಳ ಹುಡುಗ. ನಮ್ಮವರ ಸೆಕ್ಷನ್ನಿನಲ್ಲಿ ಅಂಥ ಒಬ್ಬ ಹುಡುಗ ಟಿಎ ಭರ್ತಿಗೆ ಹೋಗಬೇಕು ಅಂತಿದ್ದ. ಈಗ ಏನು ಮಾಡುತ್ತಾನೋ ಗೊತ್ತಿಲ್ಲ. ನನ್ನನ್ನು ಕೇಳಿದರೆ ಏನು ಹೇಳಲಿ?

ಈ ಊರಿಗೆ ಸೈನಿಕರನ್ನು ಕೆಲಸಕ್ಕೆ ಮರಳಿಸುವುದು ಗೊತ್ತಿಲ್ಲ ಅಂತ ಹೇಳುವ ಹಾಗಿಲ್ಲ. ಖಡಕಿಯಲ್ಲಿ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. ಮೊದಲನೇ ಮಹಾಯುದ್ಧ ನಡೆಯುತ್ತಿದ್ದಾಗ, 1917ರಲ್ಲಿ ಶುರುವಾದದ್ದು. ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಕಸುಬು ಕಲಿಸಿ ಹೊರಗಿನ ಕೆಲಸಕ್ಕೆ ತಯಾರು ಮಾಡುವ ಸಂಸ್ಥೆ. ಕಾಲಿಲ್ಲದೆ ಬಂದವನಿಗೆ ಕಸುಬು ಕಲಿಸುವ ಊರಿನಲ್ಲಿ, ಎರಡು ಕೈ, ಎರಡು ಕಾಲು, ಕಲಿತ ಕಸುಬು ಎಲ್ಲಾ ಇಟ್ಟುಕೊಂಡು ಬಂದವನಿಗೆ ಅವನ ಮಷೀನು ಸಿಗುವುದಿಲ್ಲ ಅಂದರೆ ನನಗೆ ಸಮಾಧಾನ ಆಗುವುದಿಲ್ಲ.

ಸೈನ್ಯದ ಹಿರಿಯ ಅಧಿಕಾರಿಗಳಿಗೂ ಒಂದು ಮಾತು ಕೈಮುಗಿದು ಹೇಳುತ್ತೇನೆ. ತಪ್ಪು ಬರೀ ಕಾರ್ಖಾನೆಯವರದಲ್ಲ. ಕರೆಯುವ ಕಾಗದ ಬಂತು, ಅದರಲ್ಲಿ ಹಾಜರಾಗಬೇಕಾದ ತಾರೀಖು ಇತ್ತು. ಬಿಡುವ ತಾರೀಖಿಗೆ ಮಾತ್ರ ಯಾವ ಕಾಗದವೂ ಇಲ್ಲ. ಈ ವಾರ ಅಂತಾರೆ, ತಿಂಗಳ ಕೊನೆ ಅಂತಾರೆ. ಯುದ್ಧದ ಕಾಲದಲ್ಲಿ ತಾರೀಖು ಹೇಳಲು ಆಗುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ರೈಫಲ್ ಜಮಾ ಮಾಡಿಕೊಂಡ ಮೇಲೂ ಆಗುವುದಿಲ್ಲವಾ? ಹಿಂದೆಯೂ ಹೀಗೆ ಆಗಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರ ಫೆಬ್ರವರಿ 18ರಂದು ಮುಂಬಯಿಯ 'ತಲ್ವಾರ್' ನೌಕಾನೆಲೆಯಲ್ಲಿ ನಾವಿಕರು ಬಂಡೆದ್ದರಲ್ಲ, ಕೆಟ್ಟ ಊಟ, ಬೈಗುಳದ ಜೊತೆಗೆ ಅವರ ಒಂದು ದೂರು ಇದೇ ಆಗಿತ್ತು: ಯುದ್ಧ ಮುಗಿದರೂ ಸರಿಯಾಗಿ ಬಿಡುತ್ತಿಲ್ಲ, ಮುಂದಿನ ಕೆಲಸದ ಗ್ಯಾರಂಟಿ ಇಲ್ಲ. ಅದು ಬ್ರಿಟಿಷರ ಸರ್ಕಾರ. ಇದು ನಮ್ಮದು. ನಮ್ಮವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ, ನನಗೂ ಇಲ್ಲ. ಬಿಡುವ ಒಂದು ತಿಂಗಳ ಮೊದಲು ತಾರೀಖು ಬರೆದು ಕೊಡಿ. ಅದರ ಒಂದು ಪ್ರತಿಯನ್ನು ಬಟಾಲಿಯನ್ನಿನ ಮೊಹರು ಹಾಕಿ ನೇರವಾಗಿ ಮಾಲೀಕರಿಗೇ ಕಳಿಸಿ, ಅದರಲ್ಲೇ 7ಎ ಕಲಂ ಏನು ಹೇಳುತ್ತದೆ ಅಂತಲೂ ನಾಲ್ಕು ಸಾಲು ಬರೆಯಿರಿ. ಜವಾನನ ಹೆಂಡತಿ ಬಂದು ಹೇಳಿದರೆ ಅದು ಬೇಡಿಕೊಂಡ ಹಾಗೆ ಕಾಣುತ್ತದೆ. ಸೈನ್ಯದ ಕಾಗದ ಬಂದರೆ ಹಾಗೆ ಕಾಣುವುದಿಲ್ಲ.

ಮಹಾರಾಷ್ಟ್ರದ, ಕರ್ನಾಟಕದ ಸಂಸದರಲ್ಲಿ ಯಾರಾದರೂ ಇದನ್ನು ಓದಿದರೆ, ಆ ಕಾಯ್ದೆಯಲ್ಲಿ ದಂಡ ಎಷ್ಟಿದೆ ಅಂತ ನೋಡಿ. ಅಧಿಕಾರಿಯ ಆದೇಶ ಪಾಲಿಸದ ಮಾಲೀಕರಿಗೆ ಹೆಚ್ಚೆಂದರೆ 1,000 ರೂಪಾಯಿ. ಅದರ ಜೊತೆ ಆರು ತಿಂಗಳ ಸಂಬಳ ಕೊಡಿಸಬಹುದು, ಅದು ಸರಿ. ಆದರೆ ಸಾವಿರ ರೂಪಾಯಿಗೆ ಇವತ್ತು ಮಷೀನಿನ ಟೂಲಿಗೆ ಹಾಕುವ ಇನ್ಸರ್ಟ್‌ಗಳ (ಲೋಹ ಕತ್ತರಿಸುವ ತುದಿಗಳ) ಒಂದು ಒಳ್ಳೆಯ ಬಾಕ್ಸ್ ಕೂಡ ಬರುವುದಿಲ್ಲ. ಕಾಯ್ದೆಗೆ ಹೆದರುವವರು ಯಾರು? ಆ ಮೊತ್ತ ಬದಲಿಸಿ. ಕಂತ್ರಾಟು ಹುಡುಗರ ಹಳೆಯ ದಿನಗಳನ್ನೆಲ್ಲ ಕೂಡಿಸಿ ಲೆಕ್ಕ ಹಿಡಿಯುವ ಹಾಗೆ ಮಾಡಿ.

ಪುಣೆಯ ಕನ್ನಡ ಸಂಘಗಳ ಹಿರಿಯರೇ, ನೀವು ರಾಜ್ಯೋತ್ಸವದಲ್ಲಿ ಸೈನಿಕರಿಗೆ ಶಾಲು ಹೊದಿಸುತ್ತೀರಿ, ನಮ್ಮವರಿಗೂ ಒಮ್ಮೆ ಹೊದಿಸಿದ್ದೀರಿ. ಆ ಶಾಲು ನಮ್ಮ ಮನೆಯಲ್ಲಿ ಜೋಪಾನವಾಗಿದೆ. ನಿಮ್ಮ ಸಭೆಗಳಿಗೆ ಬರುವ ಕಾರ್ಖಾನೆ ಮಾಲೀಕರ ಜೊತೆ ಈ ವಿಷಯ ಒಮ್ಮೆ ಮಾತಾಡಿ. ನಿಮ್ಮಲ್ಲಿ ವಕೀಲರಿದ್ದಾರೆ. ತಿಂಗಳಿಗೊಂದು ಭಾನುವಾರ ಎರಡು ತಾಸು ಕೂತು ನಮ್ಮಂಥವರ ಕಾಗದ ಓದಿ ಹೇಳಿದರೆ ಸಾಕು. ನನ್ನ ಮಗಳು ಎಂಟನೇ ಕ್ಲಾಸು, ಕಾಯ್ದೆ ಓದುವುದು ಅವಳ ಕೆಲಸ ಅಲ್ಲ.

ಕಡೆಗೆ ಮಾಲೀಕರೇ, ಮ್ಯಾನೇಜರ್ ಸಾಹೇಬರೇ, ನಿಮಗೆ. ನಿಮ್ಮಲ್ಲಿ ಟಿಎಗೆ ಹೋದ ನೌಕರ ಯಾರಾದರೂ ಇದ್ದರೆ ಅವನ ಫೈಲು ಇವತ್ತೇ ತೆಗೆದು ನೋಡಿ. ಅವನ ಜಾಗಕ್ಕೆ ಬಂದವರಿಗೆ ಕಾಯಂ ಕಾಗದ ಕೊಡುವ ಮೊದಲು ಅವನ ಮನೆಗೆ ಒಂದು ಫೋನ್ ಮಾಡಿ. ಬರುವಾಗ ಮೊದಲ ಹದಿನೈದು ದಿನ ಅವನ ಜೊತೆ ಇನ್ನೊಬ್ಬರನ್ನು ನಿಲ್ಲಿಸಿ, ಕೈ ಹೊಂದಿಕೊಳ್ಳಲಿ. ಅವನು ಇಲ್ಲದಾಗ ಇತರರಿಗೆ ಕೊಟ್ಟ ಇನ್‌ಕ್ರಿಮೆಂಟ್ ಅವನಿಗೂ ಹಾಕಿ. ಇವು ಯಾವುವೂ ದಾನ ಅಲ್ಲ.

ನಮ್ಮವರ ಕಾರ್ಖಾನೆಯ ಎಚ್‌ಆರ್ ಸಾಹೇಬರಿಗೂ ಈ ಪತ್ರ ತಲುಪುತ್ತದೆ ಅಂತ ನನಗೆ ಗೊತ್ತು. ಅಣ್ಣಾರೆ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಮತ್ತೆ ಗೇಟಿಗೆ ಬರುತ್ತೇನೆ. ಈ ಸಲ ಕಾಯ್ದೆಯ ಪ್ರಿಂಟ್ ನನ್ನ ಕೈಯಲ್ಲಿ ಇರುತ್ತದೆ, 7ಎ ಕಲಂಗೆ ಮಗಳು ಹಳದಿ ಬಣ್ಣ ಹಚ್ಚಿದ್ದಾಳೆ. ಜಗಳಕ್ಕೆ ಬರುತ್ತಿಲ್ಲ. ನಾವಿಬ್ಬರೂ ಕೂತು ಒಂದು ಸಲ ಪೂರ್ತಿ ಓದೋಣ. ಅವರು ಬಿಟ್ಟು ಬಂದ ದಿನ ಯಾವ ಪಾಳಿ, ಯಾವ ಮಷೀನು ಅಂತ ಒಂದು ಕಾಗದದಲ್ಲಿ ಬರೆದು ಕೊಡಿ. ಅದನ್ನು ನಾನು ಬ್ಯಾರಕ್ಕಿಗೆ ತೆಗೆದುಕೊಂಡು ಹೋಗಿ ಅವರ ನೋಟ್‌ಬುಕ್ಕಿನ ಒಳಗೆ ಇಟ್ಟು ಬರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಟಿಎ ಜವಾನನ ಹೆಂಡತಿ
ಭೋಸರಿ, ಪುಣೆ